ಒಲವು ಮತ್ತು ಒಲ್ಲೆ: ಪ್ರೀತಿಯನ್ನು ಆಡಿ ಕಲಿಯುವ ಬಗೆ

ಮುಂಬಯಿಯ ಬೀದಿಯಲ್ಲಿ ಪ್ರೀತಿಗೆ ಎರಡು ಹೆಸರಿವೆ. ಒಂದು ಸೆಟ್ಟಿಂಗ್, ಇನ್ನೊಂದು ಲಫಡಾ. ‘ಅವನದ್ದೊಂದು ಲಫಡಾ ಇದೆ’ ಅಂದರೆ ಪ್ರೇಮ ಇದೆ ಅಂತಲೂ ಆಯ್ತು, ತಕರಾರು ಇದೆ ಅಂತಲೂ ಆಯ್ತು. ಊರಿನಿಂದ ಹದಿನೆಂಟಕ್ಕೆ ಬಂದು ಹೊಟೇಲಿನ ಗಲ್ಲಾದಲ್ಲಿ ಕೂತ ನಮ್ಮ ಕನ್ನಡದ ಹುಡುಗರೂ, ಡೊಂಬಿವಲಿಯ ಎರಡು ಕೋಣೆಯ ಮನೆಯಿಂದ ಕಾಲೇಜಿಗೆ ಹೋಗುವ ನಮ್ಮ ಹುಡುಗಿಯರೂ ಈ ವಿಷಯದಲ್ಲಿ ಕಲಿಯುವ ಮೊದಲ ಶಬ್ದಗಳು ಇವೇ. ಮನೆಯಲ್ಲಿ ಇದರ ಮಾತೇ ಬರುವುದಿಲ್ಲ. ಬಂದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ: ‘ಹುಷಾರಾಗಿರು’, ‘ಮನೆ ಮರ್ಯಾದೆ ನೋಡ್ಕೊ’. ಯಾವುದರಿಂದ ಹುಷಾರು, ಹೇಗೆ ಹುಷಾರು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ಹಾಗಂತ ಪಾಠ ಆಗದೇ ಇರುತ್ತದಾ? ಆಗುತ್ತದೆ. ಸಿನಿಮಾ ಮಾಡುತ್ತದೆ, ಮೊಬೈಲ್ ಮಾಡುತ್ತದೆ, ರೂಮಿನಲ್ಲಿ ಜೊತೆಗಿರುವ ದೊಡ್ಡ ಹುಡುಗ ಮಾಡುತ್ತಾನೆ. ಆ ಪಾಠದ ಸಾರ ಒಂದೇ ಮಾತಿನದು: ಬೆನ್ನು ಬೀಳು, ಒಲಿಯುತ್ತಾಳೆ. ‘ಬೆನ್ನು ಬಿದ್ದು ಒಲಿಸಿಕೊಂಡ’ ಅಂತ ನಾವೆಲ್ಲ ಮೆಚ್ಚುಗೆಯಿಂದಲೇ ಹೇಳುತ್ತೇವೆ, ಅಲ್ವಾ? ಆ ಮಾತಿನಲ್ಲಿ ಹುಡುಗಿ ಎಲ್ಲಿದ್ದಾಳೆ ಅಂತ ನಾನೂ ಬಹಳ ವರ್ಷ ಕೇಳಿಕೊಂಡಿರಲಿಲ್ಲ.

ಪ್ರೀತಿಯನ್ನು ಕಲಿಸಬಹುದು, ಅದರಲ್ಲೂ ಕಲೆಯ ಮೂಲಕ, ನಾಟಕ ಆಡಿ, ವಸ್ತು ತಂದಿಟ್ಟು, ಪತ್ರ ಓದಿ ಕಲಿಸಬಹುದು ಅಂದರೆ ಜನ ಹುಬ್ಬು ಏರಿಸುತ್ತಾರೆ. ಅದೇನು ಬೀಜಗಣಿತವೇ ಅಂತ ಕೇಳುತ್ತಾರೆ. ಮಾಟುಂಗದ ಕಡೆ ಒಂದು ಬಾಡಿಗೆ ಕೋಣೆಯಲ್ಲಿ ನಾವು ಐದಾರು ಜನ ಸೇರಿ ತಿಂಗಳಿಗೊಂದು ಭಾನುವಾರ ಇದನ್ನೇ ಮಾಡುತ್ತೇವೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಹೊಟೇಲಿನ ಹುಡುಗರಿಗೆ ಎರಡು ಗಂಟೆ ಬಿಡುವು ಸಿಗುವ ಹೊತ್ತಿಗೆ, ಮೂರೂವರೆಗೆ. ಬರುವವರೆಲ್ಲ ಹದಿನೆಂಟು ದಾಟಿದವರು.

ಮೊದಲು ಈ ಬಗೆಯ ಕಲೆ ಅಂದರೇನು ಅಂತ ಹೇಳುತ್ತೇನೆ. ಚಿತ್ರ ಬರೆದು ಗೋಡೆಗೆ ತೂಗು ಹಾಕಿದರೆ ನೀವು ಬಂದು ನೋಡಿ ಹೋಗುತ್ತೀರಿ. ಇಲ್ಲಿ ಹಾಗಲ್ಲ. ಇಲ್ಲಿ ಬಣ್ಣದ ಜಾಗದಲ್ಲಿ ಜನ ಇರುತ್ತಾರೆ. ಕಲಾವಿದ ಒಂದು ಸಂದರ್ಭ ಕಟ್ಟಿಕೊಡುತ್ತಾನೆ, ಒಂದು ಪ್ರಶ್ನೆ ಇಡುತ್ತಾನೆ, ಬಂದವರು ಸೇರಿ ಅದನ್ನು ಪೂರ್ತಿ ಮಾಡುತ್ತಾರೆ. ಅವರು ಬಾರದೇ ಹೋದರೆ ಕೃತಿಯೇ ಇಲ್ಲ.

ಕ್ರೊಯೇಷಿಯಾ ದೇಶದ ಜಾಗ್ರೆಬ್ ನಗರದಲ್ಲಿ ಮುರಿದುಹೋದ ಸಂಬಂಧಗಳದ್ದೇ ಒಂದು ವಸ್ತು ಸಂಗ್ರಹಾಲಯ ಇದೆ. ಒಲಿಂಕಾ ವಿಶ್ತಿತ್ಸಾ ಎಂಬ ಚಿತ್ರ ನಿರ್ಮಾಪಕಿ, ದ್ರಾಜೆನ್ ಗ್ರುಬಿಶಿಚ್ ಎಂಬ ಕಲಾವಿದ, ಇಬ್ಬರೂ ತಮ್ಮ ಸಂಬಂಧ ಮುಗಿದಾಗ, ಜೊತೆಯಾಗಿ ಬಾಳಿದ ದಿನಗಳ ವಸ್ತುಗಳನ್ನು ಏನು ಮಾಡುವುದು ಅಂತ ಯೋಚಿಸಿದರು. ಅಲ್ಲಿಂದ ಇದು ಹುಟ್ಟಿತು. 2006ರಲ್ಲಿ ಮೊದಲ ಪ್ರದರ್ಶನ, 2010ರಲ್ಲಿ ಕಾಯಂ ಜಾಗ. ಜಗತ್ತಿನ ಮೂಲೆಮೂಲೆಯಿಂದ ಜನ ಒಂದೊಂದು ವಸ್ತು, ಜೊತೆಗೆ ಅದರ ಕಥೆಯ ನಾಲ್ಕು ಸಾಲು ಕಳಿಸುತ್ತಾರೆ. ಹೆಸರು ಬೇಕಿಲ್ಲ.

ನಾವೂ ಇದನ್ನು ಮಾಡಿದೆವು. ಒಂದು ವಸ್ತು ತನ್ನಿ, ಮೂರು ಸಾಲು ಬರೆಯಿರಿ, ಅಷ್ಟೇ. ಹುಡುಗರು ಸಿನಿಮಾ ಟಿಕೆಟ್, ಕೀ ಚೈನ್ ತಂದಿದ್ದರು. ಒಬ್ಬ ಖಾಲಿ ಕೈಯಲ್ಲಿ ಬಂದು ಮೊಬೈಲಿನಲ್ಲಿ ಬ್ಲಾಕ್ ಆದ ನಂಬರು ತೋರಿಸಿದ. ಕೊನೆಗೆ, ಸುಮ್ನೆ ನೋಡಲು ಬಂದಿದ್ದೇನೆ ಅಂತ ಹಿಂದೆ ಕೂತಿದ್ದ ಅರವತ್ತು ದಾಟಿದ ಒಬ್ಬ ಅಮ್ಮ ಬ್ಯಾಗಿನಿಂದ ಸ್ಟೀಲಿನ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ಮಾತ್ರ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸುತ್ತೇವಲ್ಲ, ಹಾಗೆ ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಎರಡು ಅಕ್ಷರ. ಒಂದನ್ನು ಯಾರೋ ಮೊಳೆಯಿಂದ ಗೀರಿ ಅಳಿಸಲು ನೋಡಿದ್ದರು, ಪೂರ್ತಿ ಅಳಿಸಿರಲಿಲ್ಲ. ಅವರ ಮೂರು ಸಾಲು ಹೀಗಿತ್ತು: ‘ಮುಚ್ಚಳ ನನ್ನ ಹತ್ತಿರ. ಡಬ್ಬಿ ಅವರ ಹತ್ತಿರ. 1984, ಮನೆಯಲ್ಲಿ ಒಪ್ಪಲಿಲ್ಲ.’

ಕೋಣೆ ಗಪ್‌ಚಿಪ್ ಆಯಿತು. ನಮ್ಮ ಹುಡುಗರಿಗೆ ಅಮ್ಮಂದಿರ ವಯಸ್ಸಿನವರಿಗೂ ಇಂಥದ್ದೊಂದು ಇದ್ದಿರಬಹುದು ಅಂತ ಹೊಳೆದೇ ಇರಲಿಲ್ಲ. ಒಬ್ಬ ಹುಡುಗಿ ಮೆಲ್ಲಗೆ ‘ಆಂಟಿ, ಮುಟ್ಟಿ ನೋಡಬಹುದಾ?’ ಅಂತ ಕೇಳಿದಳು. ಆ ಅಮ್ಮ ಒಂದು ಕ್ಷಣ ಯೋಚಿಸಿ ‘ಬೇಡಮ್ಮ’ ಅಂದರು. ಅವಳು ‘ಸರಿ ಆಂಟಿ’ ಅಂದು ಕೈ ಹಿಂದೆ ತೆಗೆದಳು. ಅವತ್ತಿನ ಒಂದೂವರೆ ಗಂಟೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಈ ಮೂರು ಮಾತು. ಕೇಳುವುದು, ಬೇಡ ಅನ್ನುವುದು, ಬೇಡ ಅಂದದ್ದನ್ನು ಮುಖ ಸಣ್ಣ ಮಾಡದೆ ಒಪ್ಪುವುದು. ನಾವು ಕಲಿಸಬೇಕು ಅಂದುಕೊಂಡದ್ದೆಲ್ಲ ಅದರಲ್ಲೇ ಇತ್ತು.

ಪ್ರೀತಿಯಲ್ಲಿ ಏನೇನಿದೆ ಅಂತ ಬಿಡಿಸಿ ನೋಡಲು ಮನೋವಿಜ್ಞಾನ ಸ್ವಲ್ಪ ನೆರವಾಗುತ್ತದೆ. ಅಮೆರಿಕದ ರಾಬರ್ಟ್ ಸ್ಟರ್ನ್‌ಬರ್ಗ್ 1986ರಲ್ಲಿ ಪ್ರೀತಿಯನ್ನು ತ್ರಿಕೋನದ ಹಾಗೆ ವಿವರಿಸಿದರು. ಒಂದು ಮೂಲೆಯಲ್ಲಿ ಆಪ್ತತೆ, ಒಂದರಲ್ಲಿ ಸೆಳೆತ, ಇನ್ನೊಂದರಲ್ಲಿ ಬದ್ಧತೆ. ಸೆಳೆತ ಮಾತ್ರ ಇದ್ದರೆ ಮೋಹ. ಬದ್ಧತೆ ಮಾತ್ರ ಉಳಿದರೆ ಒಳಗೆ ಏನೂ ಇಲ್ಲದ ಖಾಲಿ ಸಂಸಾರ. ನಾವು ಇದನ್ನು ಬೋರ್ಡಿನ ಮೇಲೆ ಬರೆಯುವುದಿಲ್ಲ. ಪಾರ್ಸೆಲ್ ಕಟ್ಟುವ ದಾರವನ್ನು ಮೂವರ ಕೈಗೆ ಕೊಟ್ಟು ತ್ರಿಕೋನ ಮಾಡಿಸುತ್ತೇವೆ. ನೀನು ಸೆಳೆತ, ನೀನು ಆಪ್ತತೆ, ನೀನು ಬದ್ಧತೆ. ಈಗ ಒಬ್ಬರು ಕೈ ಬಿಡಿ. ದಾರ ಜೋಲು ಬಿದ್ದಾಗ ಉಳಿದ ಇಬ್ಬರೂ ತಾವಾಗಿಯೇ ಹಿಂದೆ ಸರಿದು ಅದನ್ನು ಬಿಗಿ ಮಾಡಲು ನೋಡುತ್ತಾರೆ. ‘ನಮ್ಮ ಅಪ್ಪ ಅಮ್ಮನ ಕಥೆ ಇದೇ’ ಅಂತ ಒಬ್ಬ ಹೇಳಿದ್ದ.

ಈಗ ನಾಟಕದ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಕೆಲಸ ಆಗುವುದು ಇಲ್ಲೇ.

ಬ್ರೆಜಿಲ್‌ನಲ್ಲಿ ಅಗುಸ್ಟೊ ಬೋಆಲ್ ಎಂಬ ರಂಗಕರ್ಮಿ ಇದ್ದರು. 1971ರಲ್ಲಿ ಅಲ್ಲಿನ ಸೈನಿಕ ಸರ್ಕಾರ ಅವರನ್ನು ಹಿಡಿದು ಹಿಂಸಿಸಿತು, ಅವರು ದೇಶ ಬಿಡಬೇಕಾಯಿತು. ಶೋಷಿತರ ರಂಗಭೂಮಿ ಅಂತ ಕರೆಯುವ ಒಂದು ಪದ್ಧತಿಯನ್ನು ಅವರು ಕಟ್ಟಿದರು. ಅದರ ಒಂದು ರೂಪ ಫೋರಂ ನಾಟಕ. ಹತ್ತು ನಿಮಿಷದ ಚಿಕ್ಕ ನಾಟಕ ಆಡುತ್ತಾರೆ. ಅದು ಕೆಟ್ಟದಾಗಿ ಮುಗಿಯುತ್ತದೆ, ಅನ್ಯಾಯಕ್ಕೆ ಒಳಗಾದವರು ಸೋಲುತ್ತಾರೆ. ಆಮೇಲೆ ಅದನ್ನೇ ಮೊದಲಿನಿಂದ ಆಡುತ್ತಾರೆ. ಈ ಸಲ ನೋಡುವವರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಅಂತ ಕೂಗಿ, ಸೋತ ಪಾತ್ರದ ಜಾಗಕ್ಕೆ ತಾವೇ ಬಂದು ಬೇರೆ ದಾರಿ ಆಡಿ ತೋರಿಸಬಹುದು. ನಡುವೆ ನಿಂತು ನಡೆಸಿಕೊಡುವವರಿಗೆ ಜೋಕರ್ ಅಂತ ಹೆಸರು. ಬಂಗಾಳದಲ್ಲಿ 1985ರಲ್ಲಿ ಹುಟ್ಟಿದ ಜನ ಸಂಸ್ಕೃತಿ ಎಂಬ ತಂಡ ಹಳ್ಳಿಗಳಲ್ಲಿ ಈ ಹಾದಿಯ ಕೆಲಸ ಮಾಡುತ್ತಾ ಬಂದಿದೆ.

ಬದುಕಿನಲ್ಲಿ ಒಂದೇ ಸಲ ಆಗಿಹೋಗುವ ಕ್ಷಣವನ್ನು ಇಲ್ಲಿ ಹತ್ತು ಸಲ ತಾಲೀಮು ಮಾಡಬಹುದು. ಭಾಷಣ ಕೇಳಿದರೆ ತಲೆಗೆ ಹೋಗುತ್ತದೆ. ಆಡಿದರೆ ನಾಲಿಗೆಗೂ ಕಾಲಿಗೂ ಅಭ್ಯಾಸ ಆಗುತ್ತದೆ.

ನಮ್ಮ ನಾಟಕ ಇಷ್ಟೇ. ಕುರ್ಲಾ ಸ್ಟೇಷನ್. ಹುಡುಗಿ ದಿನಾ 8.40ರ ಲೋಕಲ್ ಹಿಡಿಯುತ್ತಾಳೆ. ಒಬ್ಬ ಹುಡುಗ ದಿನಾ ಅದೇ ಕಂಬದ ಹತ್ತಿರ ನಿಲ್ಲುತ್ತಾನೆ, ಒಂದು ದಿನ ಚೀಟಿ ಕೊಡುತ್ತಾನೆ, ಅವಳು ತೆಗೆದುಕೊಳ್ಳುವುದಿಲ್ಲ, ಮಾರನೇ ದಿನ ಮತ್ತೆ ಬರುತ್ತಾನೆ. ವಿಷಯ ಅಣ್ಣನ ಕಿವಿಗೆ ಬೀಳುತ್ತದೆ. ಅವಳ ಕೆಲಸ ಬಿಡಿಸುತ್ತಾರೆ. ಹುಡುಗ ಮರುದಿನವೂ ಅದೇ ಕಂಬದ ಹತ್ತಿರ. ಮುಗಿಯಿತು.

ಎರಡನೇ ಸಲ ಆಡುವಾಗ ಒಬ್ಬಳು ಬಂದು, ಅಣ್ಣನಿಗೆ ತಾನೇ ಮೊದಲು ಹೇಳಿ ನೋಡಿದಳು. ಅಣ್ಣನ ಪಾತ್ರದವನು ‘ಇನ್ನು ನೀನು ಹೋಗೋದೇ ಬೇಡ’ ಅಂದ. ಇನ್ನೊಬ್ಬಳು ಬೇರೆ ಟ್ರೇನ್ ಹಿಡಿದಳು. ಅವನೂ ಬೇರೆ ಟ್ರೇನ್ ಹಿಡಿದ. ಆಗ ವಿಜಯಪುರದ ಕಡೆಯಿಂದ ಬಂದ, ಕಟ್ಟಡ ಕೆಲಸದವರ ಮನೆಯ ಹುಡುಗಿಯೊಬ್ಬಳು ಎದ್ದು ಬಂದಳು. ‘ನಾ ಮಾಡ್ತೀನ್ರೀ ಅಕ್ಕಾರ’ ಅಂದಳು. ಚೀಟಿ ಚಾಚಿದ ಕೈಯನ್ನು ನೋಡಲಿಲ್ಲ, ಅವನ ಮುಖ ನೋಡಿದಳು. ‘ಒಲ್ಲೆ’ ಅಂದಳು. ಅಷ್ಟೇ. ಕ್ಷಮಿಸು ಅನ್ನಲಿಲ್ಲ, ಕಾರಣ ಕೊಡಲಿಲ್ಲ, ನನಗೆ ಮದುವೆ ನಿಶ್ಚಯ ಆಗಿದೆ ಅಂತ ಸುಳ್ಳೂ ಹೇಳಲಿಲ್ಲ.

ಒಲ್ಲೆ. ನಮ್ಮ ಕರಾವಳಿಯವರ ಮಾತಿನಲ್ಲಿ ಈ ಶಬ್ದ ಬಳಕೆಯಲ್ಲಿಲ್ಲ, ನಮಗದು ಪುಸ್ತಕದ್ದು. ಉತ್ತರ ಕರ್ನಾಟಕದಲ್ಲಿ ಅದು ದಿನದ ಮಾತು, ಇನ್ನೊಂದು ರೊಟ್ಟಿ ಹಾಕಲೇ ಅಂದರೂ ‘ಒಲ್ಲೆ’. ಅವತ್ತು ಅದನ್ನು ಕೇಳಿದಾಗ ನನಗೆ ಮೈ ಜುಂ ಅಂದಿತು. ಒಲವು, ಒಲಿ, ಒಲ್ಲೆ ಮೂರೂ ಒಂದೇ ಬೇರಿನಿಂದ ಬಂದವು. ಮನಸ್ಸಾಗುವುದಕ್ಕೂ ಮನಸ್ಸಾಗದೇ ಇರುವುದಕ್ಕೂ ನಮ್ಮ ಭಾಷೆ ಒಂದೇ ಬೇರು ಇಟ್ಟುಕೊಂಡಿದೆ. ‘ಒಲ್ಲೆ’ ಅನ್ನಲು ಬಿಡದ ಕಡೆ ‘ಒಲಿದಳು’ ಅನ್ನುವ ಮಾತಿಗೆ ಏನು ಬೆಲೆ? ಒಪ್ಪಿಗೆ ಎಂಬ ಶಬ್ದವೂ ನಮಗೆ ಹಳೆಯದೇ. ಹೆಣ್ಣು ನೋಡಿ ಬಂದ ಮೇಲೆ ‘ಒಪ್ಪಿಗೆ ಆಯ್ತಾ?’ ಅಂತ ಕೇಳುತ್ತೇವೆ. ಆದರೆ ಆ ಒಪ್ಪಿಗೆ ಯಾರದ್ದು? ಹೆಚ್ಚಾಗಿ ಎರಡು ಮನೆಯವರದ್ದು.

ಬೋಆಲ್ ಅವರ ಪದ್ಧತಿಯಲ್ಲಿ ಸೋತವರ ಪಾತ್ರವನ್ನು ಮಾತ್ರ ಬದಲಾಯಿಸಬೇಕು. ಸೋಲಿಸುವವನು ತಾನಾಗಿ ಒಳ್ಳೆಯವನಾಗಿಬಿಟ್ಟರೆ ಅದು ಮಾಯಾಮಂತ್ರ ಆಗುತ್ತದೆ, ನಿಜ ಬದುಕಿನಲ್ಲಿ ಹಾಗೆ ಆಗುವುದಿಲ್ಲ ಅನ್ನುವುದು ಅದರ ಹಿಂದಿನ ತರ್ಕ. ಸರಿಯಾದ ತರ್ಕವೇ. ಆದರೆ ನಾವು ಗೊತ್ತಿದ್ದೇ ಅದನ್ನು ಮುರಿದೆವು. ಯಾಕೆಂದರೆ ಆ ಹುಡುಗನೂ ನಮ್ಮ ಕೋಣೆಯಲ್ಲೇ ಕೂತಿದ್ದಾನೆ. ‘ಒಲ್ಲೆ’ ಕೇಳಿಸಿಕೊಂಡ ಮುಂದಿನ ಒಂದು ನಿಮಿಷ ಹೇಗೆ ನಿಲ್ಲಬೇಕು ಅಂತ ಅವನಿಗೆ ಯಾರೂ ಯಾವತ್ತೂ ಹೇಳಿಕೊಟ್ಟಿಲ್ಲ. ಆ ಒಂದು ನಿಮಿಷದಲ್ಲೇ ಎಷ್ಟೋ ಅನಾಹುತ ಹುಟ್ಟುತ್ತದೆ.

ಹಾಗಾಗಿ ಜೋಕರ್ ಕೇಳಿದರು: ಈಗ ಇವನು ಏನು ಮಾಡುತ್ತಾನೆ? ಒಬ್ಬ ಬಂದು ‘ಯಾಕೆ? ನನ್ನಲ್ಲಿ ಏನು ಕಮ್ಮಿ?’ ಅಂದ. ಹುಡುಗಿಯರ ಸಾಲಿನಿಂದ ‘ನಿಲ್ಲಿಸಿ’ ಅಂತ ಕೂಗು. ಇನ್ನೊಬ್ಬ ‘ಆಯ್ತು, ಫ್ರೆಂಡ್ಸ್ ಆಗಿರೋಣ’ ಅಂದ. ಮತ್ತೆ ‘ನಿಲ್ಲಿಸಿ’. ಕೊನೆಗೆ ಗಲ್ಲಾದಲ್ಲಿ ಕೂರುವ ಹುಡುಗ ಬಂದ. ಚೀಟಿ ಮಡಚಿ ಕಿಸೆಗೆ ಹಾಕಿಕೊಂಡ. ‘ಸರಿ’ ಅಂದ. ಆಮೇಲೆ ಕೈ ಎಲ್ಲಿಡಬೇಕು ಅಂತ ಅವನಿಗೆ ತಿಳಿಯಲಿಲ್ಲ, ಎರಡೂ ಕೈ ಒಂದು ಸಲ ಕಟ್ಟಿದ, ಬಿಟ್ಟ. ತಿರುಗಿ ನಡೆದು ಗೋಡೆಯ ಹತ್ತಿರ ಹೋಗಿ ನಿಂತ. ಅಲ್ಲಿಂದಲೇ ಕೇಳಿದ: ‘ನಾಳೆ ನಾನೂ 8.40ಕ್ಕೇ ಹೋಗಬೇಕಲ್ಲ, ನನಗೂ ಡ್ಯೂಟಿ ಇದೆ. ಎಲ್ಲಿ ನಿಲ್ಲಲಿ?’

ಇಪ್ಪತ್ತು ನಿಮಿಷ ಆ ಪ್ರಶ್ನೆಯ ಮೇಲೇ ಮಾತು ನಡೆಯಿತು. ಪ್ಲಾಟ್‌ಫಾರಂ ಉದ್ದ ಇದೆ, ಇನ್ನೊಂದು ತುದಿಗೆ ಹೋಗು ಅಂದರು. ಅವಳು ಎದುರಿಗೆ ಸಿಕ್ಕರೆ ದಿಟ್ಟಿಸಬೇಡ, ಮುಖ ತಿರುವಿಯೂ ಅವಮಾನ ಮಾಡಬೇಡ ಅಂದರು. ಬೇಜಾರಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀಯ ಅಂತ ಒಬ್ಬ ಕೇಳಿದ. ಅವನಿಗೆ ಉತ್ತರ ಇರಲಿಲ್ಲ. ‘ನನ್ನ ಹತ್ತಿರ ಹೇಳು’ ಅಂದ ಇನ್ನೊಬ್ಬ.

ಕಾನೂನಿನ ಮಾತು ನಾವು ಎತ್ತುವುದು ಇದಾದ ಮೇಲೆ. ಮೊದಲೇ ಹೇಳಿದರೆ ಹೆದರಿಸಿದ ಹಾಗಾಗುತ್ತದೆ. ಒಬ್ಬ ಹೆಣ್ಣು ತನಗೆ ಮನಸ್ಸಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ನೋಡುವುದು 2013ರಿಂದ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂನಲ್ಲಿದೆ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಆಗಬಹುದು. 18 ತುಂಬದವರ ಒಪ್ಪಿಗೆಯನ್ನು ದೈಹಿಕ ಸಂಬಂಧದ ವಿಷಯದಲ್ಲಿ ಪೋಕ್ಸೊ ಕಾಯಿದೆ ಒಪ್ಪಿಗೆ ಅಂತ ಎಣಿಸುವುದೇ ಇಲ್ಲ. ಆಡಿ ಮುಗಿಸಿದವರಿಗೆ ಈ ಕಲಂ ಯಾಕೆ ಇದೆ ಅಂತ ಬೇರೆ ವಿವರಣೆ ಬೇಕಾಗುವುದಿಲ್ಲ.

ಇದು ನಾವೇ ಕಂಡುಹಿಡಿದ ದಾರಿ ಅಂತ ತಿಳಿಯಬೇಡಿ. ಮುಂಬಯಿಯಲ್ಲಿ ಇದಕ್ಕೆ ಹಳೆಯ ಹೆಜ್ಜೆಗಳಿವೆ. 2008ರಲ್ಲಿ ಇಲ್ಲಿನ 45 ಮುನ್ಸಿಪಾಲಿಟಿ ಶಾಲೆಗಳಲ್ಲಿ ಆರು, ಏಳನೇ ತರಗತಿಯ ಮಕ್ಕಳ ಜೊತೆ ಜೆಮ್ಸ್ ಎಂಬ ಕಾರ್ಯಕ್ರಮ ಶುರುವಾಯಿತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಮುಂಬಯಿಯ ಕೋರೊ ಸಂಸ್ಥೆ, ಮಹಿಳೆಯರ ಬಗ್ಗೆ ಸಂಶೋಧನೆ ಮಾಡುವ ಐಸಿಆರ್‌ಡಬ್ಲ್ಯು ಸೇರಿ ನಡೆಸಿದ್ದು. ಆಟ, ಚರ್ಚೆ, ಪಾತ್ರಾಭಿನಯದ ಮೂಲಕ ಗಂಡು ಹೆಣ್ಣಿನ ಸಮಾನತೆ, ಹಿಂಸೆ ಇವುಗಳ ಬಗ್ಗೆ ಮಾತು. ಪ್ರೀತಿ ಅದರ ನೇರ ವಿಷಯ ಆಗಿರಲಿಲ್ಲ, ಆದರೆ ಪ್ರೀತಿಗೆ ಬೇಕಾದ ನೆಲ ಹದ ಮಾಡಿದ್ದು ಅದು. ಆಮೇಲೆ 2015ರಲ್ಲಿ ಚಿತ್ರ ನಿರ್ದೇಶಕಿ ಪಾರೋಮಿತಾ ವೋಹ್ರಾ ಏಜೆಂಟ್ಸ್ ಆಫ್ ಇಶ್ಕ್ ಎಂಬ ಜಾಲತಾಣ ಶುರು ಮಾಡಿದರು. ಪ್ರೀತಿ, ಕಾಮ, ಒಪ್ಪಿಗೆ ಎಲ್ಲವನ್ನೂ ಹಾಡು, ವಿಡಿಯೊ, ಜನರ ಸ್ವಂತ ಕಥೆಗಳಲ್ಲಿ ಹೇಳುವ ಕೆಲಸ. ಒಪ್ಪಿಗೆಯ ಬಗ್ಗೆ ಅವರು ಮಾಡಿದ ಒಂದು ವಿಡಿಯೊ ಪೂರ್ತಿ ಲಾವಣಿ. ಮರಾಠಿ ಮಣ್ಣಿನ ಲಾವಣಿಯಲ್ಲಿ ಶೃಂಗಾರ ಮೊದಲಿನಿಂದಲೂ ಇದೆ, ಕೆಣಕುವುದಿದೆ, ಹೆಣ್ಣಿನ ಧ್ವನಿ ಇದೆ. ಹೊಸ ಮಾತನ್ನು ಜನರಿಗೆ ಗೊತ್ತಿರುವ ತಾಳದಲ್ಲೇ ಕೂರಿಸಿದರು.

ಅದನ್ನು ನೋಡಿದಾಗ ನಮಗೆ ಹೊಳೆದದ್ದು ತಾಳಮದ್ದಲೆ. ವೇಷ ಬೇಡ, ಕುಣಿತ ಬೇಡ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದ ಮಾಡುತ್ತಾರೆ, ಬರೆದುಕೊಂಡು ಬಂದ ಮಾತಿಲ್ಲ. ಮುಂಬಯಿಯಲ್ಲಿ ನಮ್ಮವರಿಗೆ ಇದು ಮನೆಯ ಕಲೆ. ಕಥೆ ಎಲ್ಲರಿಗೂ ಗೊತ್ತು, ಆದರೆ ಇವತ್ತು ಈ ಪಾತ್ರ ಏನು ಹೇಳುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಬೋಆಲ್ ಹುಡುಕಿದ್ದು ಇದಕ್ಕೆ ಬಹಳ ಹತ್ತಿರ ಇದೆ ಅಂತ ನನ್ನ ನಂಬಿಕೆ. ನಾವು ಆರಿಸಿಕೊಂಡದ್ದು ಅಂಬೆಯ ಕಥೆ. ಸಾಲ್ವನಿಗೆ ಮನಸ್ಸು ಕೊಟ್ಟವಳನ್ನು ಭೀಷ್ಮ ತಮ್ಮನಿಗಾಗಿ ಎತ್ತಿ ತರುತ್ತಾನೆ. ಅವಳು ವಿಷಯ ಹೇಳಿದ ಮೇಲೆ ಕಳಿಸಿಕೊಡುತ್ತಾನೆ. ಬೇರೆಯವನು ಗೆದ್ದು ಒಯ್ದವಳು ಅಂತ ಸಾಲ್ವ ಬೇಡ ಅನ್ನುತ್ತಾನೆ. ಅವಳ ಮನಸ್ಸನ್ನು ಮೊದಲೇ ಕೇಳಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ.

ಪ್ರೀತಿ ಇಬ್ಬರ ನಡುವಿನ ವಿಷಯ ಅಂತ ಹೇಳಿ ನಿಲ್ಲಿಸಿದರೆ ಅದು ಅರ್ಧ ಪಾಠ. ನಮ್ಮಲ್ಲಿ ಪ್ರೀತಿಯ ನಡುವೆ ಜಾತಿ ಬಂದು ಕೂರುತ್ತದೆ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಜಾತಿ ಮೀರಿದ ಮದುವೆಗಳು ನೂರಕ್ಕೆ ಐದರ ಆಸುಪಾಸು ಮಾತ್ರ. ಧರ್ಮ ಬೇರೆಯಾದವರಿಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ, ಆದರೆ ಅದರಲ್ಲಿ 30 ದಿನ ಮೊದಲು ನೋಟಿಸ್ ಹಚ್ಚಬೇಕು, ಆ 30 ದಿನ ಮನೆಯವರಿಂದ ಹೆದರಿದ ಜೋಡಿಗೆ ಎಷ್ಟು ಉದ್ದ ಅಂತ ನೀವೇ ಯೋಚಿಸಿ. ವಯಸ್ಕರಿಬ್ಬರು ತಮ್ಮ ಸಂಗಾತಿಯನ್ನು ಆರಿಸಿಕೊಳ್ಳಲು ಮನೆಯವರ, ಪಂಚಾಯ್ತಿಯ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿತು. ಗಂಡು ಗಂಡಿನ, ಹೆಣ್ಣು ಹೆಣ್ಣಿನ ಪ್ರೀತಿ ಅಪರಾಧ ಅಲ್ಲ ಅಂತ ಹೇಳಿದ್ದೂ ಅದೇ ವರ್ಷದ ಸೆಪ್ಟೆಂಬರ್ 6ಕ್ಕೆ.

ಈ ಭಾಗಕ್ಕೆ ನಾವು ಹಳೆಯ ಪತ್ರವೊಂದನ್ನು ಓದುತ್ತೇವೆ. ಸಾವಿತ್ರಿಬಾಯಿ ಫುಲೆ 1868ರ ಆಗಸ್ಟ್‌ನಲ್ಲಿ ತವರೂರು ನಾಯಗಾಂವ್‌ನಿಂದ ಗಂಡ ಜ್ಯೋತಿಬಾ ಅವರಿಗೆ ಬರೆದದ್ದು. ಒಬ್ಬ ಬ್ರಾಹ್ಮಣ ಯುವಕ, ಒಬ್ಬ ಮಹಾರ್ ಹುಡುಗಿ. ಪ್ರೀತಿಸಿದ್ದಾರೆ, ಹುಡುಗಿ ಬಸಿರಿ. ಊರವರು ಇಬ್ಬರನ್ನೂ ಹಿಡಿದು ಮೆರವಣಿಗೆ ಮಾಡಿ ಕೊಲ್ಲಲು ಹೊರಟಿದ್ದಾರೆ. ಸಾವಿತ್ರಿಬಾಯಿ ಓಡಿ ಹೋಗಿ, ಇಂಗ್ಲಿಷರ ಕಾನೂನು ನಿಮ್ಮನ್ನು ಬಿಡುವುದಿಲ್ಲ ಅಂತ ಹೆದರಿಸಿ ಇಬ್ಬರನ್ನೂ ಬಿಡಿಸುತ್ತಾರೆ. ಊರು ಬಿಟ್ಟು ಹೋಗಬೇಕು ಅಂತ ಜನ ಹಟ ಹಿಡಿದಾಗ ಜೋಡಿಯನ್ನು ಗಂಡನ ಹತ್ತಿರವೇ ಕಳಿಸುತ್ತಾರೆ.

ಓದುತ್ತಾ ಮೆರವಣಿಗೆಯ ಹತ್ತಿರ ನಿಲ್ಲಿಸುತ್ತೇವೆ. ಈಗ ನೀವೆಲ್ಲ ಆ ಊರವರು, ಎಲ್ಲಿ ನಿಂತಿದ್ದೀರಿ, ನಿಲ್ಲಿ. ಕಲ್ಲು ಹಿಡಿದವರ ಪಾತ್ರಕ್ಕೆ ಇಬ್ಬರು ಮೂವರು ಸಿಗುತ್ತಾರೆ. ಬಿಡಿಸುವವರ ಪಾತ್ರಕ್ಕೆ ಹಲವರು ಬರುತ್ತಾರೆ. ಉಳಿದವರು ಗೋಡೆಗೆ ಒರಗಿ ಸುಮ್ಮನೆ ನಿಲ್ಲುತ್ತಾರೆ. ಪ್ರತಿ ಸಲವೂ ಗೋಡೆಯ ಹತ್ತಿರವೇ ಜನ ಜಾಸ್ತಿ. ಒಮ್ಮೆ ನಾನೂ ಅಲ್ಲೇ ನಿಂತಿದ್ದೆ, ಯಾಕೆ ಅಂತ ಒಬ್ಬ ಹುಡುಗ ನನ್ನನ್ನೇ ಕೇಳಿದ. ನನ್ನ ಸ್ವಂತ ಬಂಧುವೊಬ್ಬಳ ಮದುವೆಯ ಗಲಾಟೆಯಲ್ಲಿ ನಾನು ಬಾಯಿ ಮುಚ್ಚಿ ಕೂತಿದ್ದೆ ಅಂತ ಅವತ್ತು ಮೊದಲ ಸಲ ಬಾಯಿ ಬಿಟ್ಟು ಹೇಳಿದೆ.

ಕಷ್ಟಗಳೂ ಇವೆ. 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ತರಲು ಹೊರಟಾಗ ಮಹಾರಾಷ್ಟ್ರ, ಕರ್ನಾಟಕ ಸೇರಿ ಹಲವು ರಾಜ್ಯಗಳು ತಡೆದವು. ಆ ಹೆದರಿಕೆ ಇನ್ನೂ ಇದೆ. ನಮಗೆ ಮೊದಲು ಒಂದು ಸಭಾಂಗಣ ಸಿಕ್ಕಿತ್ತು. ಬ್ಯಾನರಿನಲ್ಲಿ ಪ್ರೀತಿ ಅಂತ ಇದ್ದದ್ದಕ್ಕೆ ಹಿಂದಿನ ದಿನ ರಾತ್ರಿ ಬೇಡ ಅಂದರು. ವ್ಯಕ್ತಿತ್ವ ವಿಕಸನ ಶಿಬಿರ ಅಂತ ಬದಲಾಯಿಸಿದರೆ ಕೊಡುತ್ತೇವೆ ಅಂದರು. ಆ ಸಲ ಬದಲಾಯಿಸಿದೆವು. ಮಾಡಬಾರದಿತ್ತು.

ಇನ್ನೊಂದು ಎಚ್ಚರ. ಇಂಥ ಕೋಣೆಯಲ್ಲಿ ಯಾರದ್ದೋ ಗಾಯ ತೆರೆದುಕೊಳ್ಳುತ್ತದೆ. ಆಗ ಕಲೆ ಸಾಲದು. ಹಾಗಾಗಿ ಆಪ್ತ ಸಮಾಲೋಚನೆ ಬಲ್ಲ ಒಬ್ಬರು ಕೂತಿರಲೇಬೇಕು. ಟಾಟಾ ಸಂಸ್ಥೆಯ ಐಕಾಲ್ ಸಹಾಯವಾಣಿ, ಮಹಿಳೆಯರ 181 ನಮ್ಮ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಫೋಟೊ ಇಲ್ಲ, ರೆಕಾರ್ಡಿಂಗ್ ಇಲ್ಲ. ಆಡಲು ಮನಸ್ಸಿಲ್ಲದವರು ಕೂತು ನೋಡಬಹುದು, ನಡುವೆ ಎದ್ದು ಹೋಗಬಹುದು. ಅಲ್ಲಿಯೂ ‘ಒಲ್ಲೆ’ ನಡೆಯಬೇಕು.

ಮುಂದಿನ ತಿಂಗಳು ಅಂಬೆಯ ತಾಳಮದ್ದಲೆ ಇದೆ. ಅಂಬೆಗೆ ಮೂರು ಹುಡುಗಿಯರು ಹೆಸರು ಕೊಟ್ಟಿದ್ದಾರೆ, ಭೀಷ್ಮನಿಗೆ ಆ ಗಲ್ಲಾದ ಹುಡುಗ. ಸಾಲ್ವನಿಗೆ ಯಾರೂ ಇರಲಿಲ್ಲ. ಮೊನ್ನೆ ಆ ಮುಚ್ಚಳದ ಅಮ್ಮ ಫೋನ್ ಮಾಡಿ ‘ಸಾಲ್ವನ ಅರ್ಥ ನಾನು ಹೇಳ್ಲಾ?’ ಅಂತ ಕೇಳಿದರು. ‘ಅಂಬೆ ಬೇಡವಾ ಅಮ್ಮ?’ ಅಂದೆ. ‘ಬೇಡ’ ಅಂದರು. ‘ಬಾಗಿಲಲ್ಲಿ ನಿಂತವಳಿಗೆ ಅವನು ಆ ದಿನ ಬೇರೆ ಏನು ಹೇಳಬಹುದಿತ್ತು ಅಂತ ಒಂದು ಸಲ ಹೇಳಿ ನೋಡ್ತೇನೆ.’